ಬಲಗಡೆ ಖಾಲಿ

ನಾನು ರೈಟರ್.
ಕತೆ ಕವನದ ರೈಟರಲ್ಲ ಮಾರಾಯ್ರೆ,
ಸಿದ್ದಾಪುರದಾಚೆ ಒಂದು ಎಸ್ಟೇಟಿನಲ್ಲಿ
ಹಾಜರಿ ಬರೆಯುವ ರೈಟರ್.
ಇಷ್ಟು ವರ್ಷ ನಾನು ಕಟ್ಟಿದ ಸಾಲುಗಳೆಲ್ಲ
ಹೆಸರು, ದಿನ, ಕಿಲೋ, ಮುಂಗಡ.

ಹಾಗಿದ್ದವನಿಗೆ ಐವತ್ತೆರಡರಲ್ಲಿ ಹಿಡಿದ ಹುಚ್ಚು ಇದು:
ಸ್ನೋಬಾಲ್ ಎಂಬ ಕಂಪ್ಯೂಟರ್ ಭಾಷೆ.
ನಾನು ಹುಟ್ಟುವ ಮೊದಲೇ ಹುಟ್ಟಿ,
ನನಗೆ ಮೀಸೆ ಬರುವಷ್ಟರಲ್ಲಿ ಮುದಿಯಾಗಿ,
ಈಗ ಆಡುವವರಿಲ್ಲದ ಭಾಷೆ.
ಕೊಟ್ಟವರು ಬಿದ್ದಪ್ಪ ಸಾರ್,
ಚೆಟ್ಟಳ್ಳಿಯಲ್ಲಿ ಕಾಯಿಕೊರಕದ ಲೆಕ್ಕ ಇಟ್ಟು ನಿವೃತ್ತರಾದವರು.
ಹಸಿರು ರಟ್ಟಿನ ಜೆರಾಕ್ಸ್ ಪುಸ್ತಕ,
ಬಿಡಿಸಿದರೆ ಕಾಳುಮೆಣಸಿನ ವಾಸನೆ.
"ಇದಕ್ಕೆ ಕೂಡಿ ಕಳೆಯುವುದರಲ್ಲಿ ಅಂಥ ಆಸೆಯಿಲ್ಲ ಕಣೋ,
ಅಕ್ಷರದ ಚಪಲ" ಅಂದರು.

ಹೇಗೆಂದರೆ, ನಿಲ್ಲಿ, ಹೇಳುತ್ತೇನೆ.
ಕುಯ್ಲಿನಲ್ಲಿ ರೆಂಬೆ ಬಗ್ಗಿಸಿದ ಹೆಂಗಸಿನ ಬೆರಳು
ಕಾಯಿ ದಾಟಿ ಹಣ್ಣಿಗಷ್ಟೇ ತಾಗುತ್ತದಲ್ಲ,
ಹಾಗೆ ಇದು ಸಾಲಿನ ಮೇಲೆ ಹೋಗುತ್ತದೆ.
ಬ್ರೇಕ್ ಎಂದರೆ ಅಲ್ಲಿಯವರೆಗೆ ಹೋಗು, ಅದನ್ನು ಮುಟ್ಟಬೇಡ.
ಸ್ಪ್ಯಾನ್ ಎಂದರೆ ಇಂಥವೇ ಸಿಗುವಷ್ಟು ದೂರ ನಡೆ.
ಆರ್ಬ್ ಎಂದರೆ ಏನಾದರೂ ಆಗಲಿ, ಎಷ್ಟಾದರೂ ಆಗಲಿ,
ಮೊದಲು ಏನೂ ಇಲ್ಲ, ಆಮೇಲೆ ಒಂದಕ್ಷರ, ಆಮೇಲೆ ಎರಡು,
ಆನೆ ಬಂದ ರಾತ್ರಿ ಟಾರ್ಚಿಲ್ಲದೆ ನಡೆದಂತೆ.

ಪ್ರತಿ ಸಾಲಿನ ಕೊನೆಗೆ ಎರಡು ದಾರಿ ಬರೆಯಬಹುದು.
ಸಿಕ್ಕಿತೇ, ಹೀಗೆ ಹೋಗು. ಸಿಗಲಿಲ್ಲವೇ, ಹಾಗೆ ಹೋಗು.
ಬೈಗುಳವಿಲ್ಲ, ಕೆಂಪು ಗೆರೆಯಿಲ್ಲ.
ಪಿಯುಸಿಗೆ ಮೂರು ಸಲ ಕೂತವನಿಗೆ
ಯಾರೂ ಹಾಗೆ ಹೇಳಿರಲಿಲ್ಲ.

ಸಿಸಿಲಿಯಾಳಿಗೆ ಸಾಕುಸಾಕಾಗಿದೆ.
ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದುತ್ತ ನಗುತ್ತೇನಂತೆ.
ನಗದೆ ಏನು?
ಸುಂಟಿಕೊಪ್ಪ, ಗೋಣಿಕೊಪ್ಪ ಎರಡೂ ಒಂದೇ ಬಲೆಗೆ ಬಿದ್ದವು,
ಕುಟ್ಟ ತಪ್ಪಿಸಿಕೊಂಡಿತು.

ಮಿಂಚಿ ಬಂದದ್ದು ಹೂಮಳೆ ಬಿದ್ದ ವಾರ.
ಲೈನ್ ಮನೆಯ ಯರವರ ಮಿಂಚಿ, ಗ್ರಾಚುಯಿಟಿ ಕೇಳಲು.
ಇಪ್ಪತ್ತೆರಡು ವರ್ಷದ ಕೆಲಸ,
ಹಿಂದಿನ ರೈಟರುಗಳು ಇಂಗ್ಲಿಷಿನಲ್ಲಿ
ಕಿವಿಗೆ ಬಿದ್ದಂತೆ ಗೀಚಿದ್ದರು:
ಮಿಂಚಿ, ಮಿಂಜಿ, ಮಂಚಿ, ಮುಂಚಿ,
ಒಬ್ಬ ಪುಣ್ಯಾತ್ಮ ಮೀನಾಕ್ಷಿ.
ಆಫೀಸು ಹೇಳಿತು: ಇದು ಐದು ಜನ,
ಯಾರೊಬ್ಬರಿಗೂ ಐದು ವರ್ಷ ತುಂಬಿಲ್ಲ.

ಹಳೆ ಹಾಜರಿಗಳನ್ನೆಲ್ಲ ರಾತ್ರಿ ಕೂತು ಟೈಪು ಮಾಡಿದೆ.
ಬಲೆ ಹೆಣೆದೆ. ಮೊದಲು ಮ,
ಆಮೇಲೆ ಯಾವುದೋ ಒಂದು ಸ್ವರ, ಆಮೇಲೆ ನ,
ಚ ಆದರೂ ಸರಿ, ಜ ಆದರೂ ಸರಿ.
ಓಡಿಸಿದೆ. ಮೀನು ಬಿದ್ದ ಹಾಗೆ ಬಿದ್ದವು!
ಒಬ್ಬನೇ ಚಪ್ಪಾಳೆ ತಟ್ಟಿದೆ, ನಾಯಿ ಬೊಗಳಿತು.

ಮರುರಾತ್ರಿ, ಎಲ್ಲವನ್ನೂ ಒಂದೇ ಹೆಸರಿಗೆ ತರೋಣವೆಂದು
ಸಮಚಿಹ್ನೆ ಹಾಕಿದವನು
ಅದರ ಬಲಗಡೆ ಬರೆಯಲು ಮರೆತೆ.
ಈ ಭಾಷೆಯಲ್ಲಿ ಹಾಗೆಂದರೆ: ಸಿಕ್ಕಿದ್ದನ್ನು ಅಳಿಸು.
ಅಳಿಸಿತು.
ಇನ್ನೂರ ಅರವತ್ತು ಚಿಲ್ಲರೆ ತಿಂಗಳು,
ದಿನವಿದೆ, ಕಿಲೋ ಇದೆ, ಹೆಸರಿಲ್ಲ.
ಯಂತ್ರ ಮಾತ್ರ "ಸಿಕ್ಕಿತು" ದಾರಿಯಲ್ಲೇ
ಸಲೀಸಾಗಿ ಹೋಗಿತ್ತು.

ಎದ್ದು ಬಂದು ಕಣದಲ್ಲಿ ನಿಂತೆ.
ಟಾರ್ಪಾಲಿನ ಕೆಳಗೆ ಕಾಫಿ ಬೆಚ್ಚಗೆ ಮಲಗಿತ್ತು.
ನನ್ನ ಕೈಬರಹದಲ್ಲೂ
ಎಷ್ಟು ಬಲಗಡೆಗಳು ಹೀಗೆ ಖಾಲಿ ಇವೆಯೋ
ಯಾವ ಬಲೆ ಬೀಸಿ ನೋಡಲಿ?

ಕಾಗದವಿತ್ತು, ಪುಣ್ಯ. ಮತ್ತೆ ಮೊದಲಿನಿಂದ ಟೈಪು.

ಕೊನೆಗೆ ಮಿಂಚಿಯನ್ನು ಕೂರಿಸಿ ಓದಿದೆ.
ಮೀನಾಕ್ಷಿಯನ್ನು ನನ್ನ ಬಲೆ ಹಿಡಿದಿರಲಿಲ್ಲ,
ಅವಳೇ ಹಿಡಿದಳು:
"ಅದು ಆ ಕಣ್ಣುಬೇನೆ ರೈಟರು, ಎಲ್ಲರಿಗೂ ದೇವರ ಹೆಸರು."
ತೊಂಬತ್ತಾರರ ಆರು ವಾರ ಎಲ್ಲೂ ಸಿಗಲಿಲ್ಲ ಎಂದೆ.
"ಸರಿಯಾಗೇ ಹೇಳಿದೆ ನಿಮ್ಮ ಪೆಟ್ಟಿಗೆ.
ನಾನು ವಯನಾಡಿನಲ್ಲಿದ್ದೆ, ತಂಗಿಯ ಹೆರಿಗೆ."

ಎಲೆಯಡಿಕೆ ಮಡಚುತ್ತ ಇನ್ನೊಮ್ಮೆ ಕೇಳಿದಳು,
ಯಾವ ಹೆಸರಿನವಳು ಎಷ್ಟು ದಿನ ಬಂದಳೆಂದು.
ಹೇಳಿದೆ.
"ಮಿಂಜಿ ಒಂದು ದಿನವೂ ತಪ್ಪಿಸಿಲ್ಲವಾ?"
ಇಲ್ಲ ಅಂದೆ.
"ಪಾಪ," ಅಂದಳು, "ಸ್ವಲ್ಪ ಕೂರಬಹುದಿತ್ತು."